57ನೇ ವಯಸ್ಸಿಗೆ ಬ್ರೌಸರ್ ಕಲಿಯುತ್ತಿದ್ದೇನೆ, ಎಲ್ಲಿಂದ ಶುರು ಮಾಡಲಿ?

ಮಲ್ಲಿಗೆಬಳ್ಳಿ · ಹೊಸನಗರ

ಎಲ್ಲರಿಗೂ ನಮಸ್ಕಾರ. ಹೊಸನಗರದಿಂದ ಸ್ವಲ್ಪ ಒಳಗೆ ನಮ್ಮೂರು. ಎರಡು ಎಕರೆ ಅಡಿಕೆ ತೋಟ, ಒಂದಿಷ್ಟು ಗದ್ದೆ, ಎರಡು ದನ. ದೀಪಾವಳಿಗೆ ಬಂದ ಮಗಳು ತನ್ನ ಹಳೆಯ ಲ್ಯಾಪ್‌ಟಾಪ್ ನನಗೆ ಬಿಟ್ಟು ಹೋಗಿದ್ದಾಳೆ. ಮನೆಗೆ ಫೈಬರ್ ಲೈನ್ ಬಂದು ಒಂದು ವರ್ಷವಾಯಿತು.

ನನಗೆ ಬೇಕಾದದ್ದು ಜಾಸ್ತಿ ಏನಿಲ್ಲ. ಪಹಣಿ ನೋಡಬೇಕು, ಅಡಿಕೆ ಧಾರಣೆ ನೋಡಬೇಕು, ಕರೆಂಟ್ ಬಿಲ್ ಕಟ್ಟಬೇಕು. ಇದಕ್ಕೆಲ್ಲ ಈಗ ಪೇಟೆಗೇ ಹೋಗಬೇಕು. ಬೆಳಗಿನ ಬಸ್ಸು ಹಿಡಿದರೆ ವಾಪಸ್ ಬರುವಾಗ ಮಧ್ಯಾಹ್ನ ದಾಟಿರುತ್ತದೆ. ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತ ಹುಡುಗ ಟಕಟಕ ಒತ್ತಿ ಕೊಡುತ್ತಾನೆ. ಅವನು ಏನು ಮಾಡಿದ ಅಂತ ನೋಡುವಷ್ಟರಲ್ಲಿ ಮುಗಿದಿರುತ್ತದೆ. ಅದನ್ನು ನಾನೇ ಮಾಡಬೇಕು ಅಂತ ಆಸೆ.

ಮಗಳು ಹೋಗುವ ಮುಂಚೆ ಒಂದು ಗಂಟೆ ಹೇಳಿಕೊಟ್ಟಳು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಆದರೂ ಕೂತರೆ ಕೈಕಾಲು ಆಡುವುದಿಲ್ಲ. ಪರದೆಯ ಮೇಲೆ ತುದಿಯಲ್ಲಿ ಒಂದು ಉದ್ದ ಪೆಟ್ಟಿಗೆ, ನಡುವೆ ಇನ್ನೊಂದು ಪೆಟ್ಟಿಗೆ. ಎರಡರಲ್ಲಿ ಎಲ್ಲಿ ಬರೆಯಬೇಕು? ಓದುತ್ತಿದ್ದ ಪುಟ ಇದ್ದಕ್ಕಿದ್ದಂತೆ ಮಾಯವಾಗುತ್ತದೆ, ಎಲ್ಲಿ ಹೋಯಿತು ಗೊತ್ತಾಗುವುದಿಲ್ಲ. ಮೂಲೆಯಲ್ಲಿ ಆಗಾಗ ಏನೋ ಒಂದು ಚೌಕ ಎದ್ದು 'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ' ಅನ್ನುತ್ತದೆ.

ಮತ್ತೊಂದು ವಿಷಯ ಹೇಳಲೇಬೇಕು. ಹೋದ ವಾರ ಪಹಣಿ ಅಂತ ಹೊಡೆದು ಮೊದಲು ಬಂದದ್ದನ್ನೇ ಒತ್ತಿದೆ. ಗಂಡಭೇರುಂಡದ ಚಿತ್ರ ಇತ್ತು, ಸರ್ಕಾರದ್ದೇ ಅಂದುಕೊಂಡೆ. ಸರ್ವೆ ನಂಬರ್ ಕೇಳಿತು, ಫೋನ್ ನಂಬರ್ ಕೇಳಿತು, 350 ರೂಪಾಯಿ ಕೇಳಿತು. ಕಟ್ಟಿದೆ. ಪಹಣಿ ಇವತ್ತಿನವರೆಗೂ ಬಂದಿಲ್ಲ. ಮಗಳಿಗೆ ಹೇಳಿಲ್ಲ. ಹೇಳಿದರೆ ಲ್ಯಾಪ್‌ಟಾಪ್ ಮುಟ್ಟಲೇಬೇಡ ಅನ್ನುತ್ತಾಳೋ ಅಂತ ಭಯ.

ಗೊತ್ತಿದ್ದವರು ದಯವಿಟ್ಟು ನಿಧಾನವಾಗಿ ಹೇಳಿಕೊಡಿ.

ಕಾಫಿಗಿಡ · ಕೊಪ್ಪ

ಅಕ್ಕ, ಇಷ್ಟೆಲ್ಲ ಫೋನಿನಲ್ಲೇ ಆಗುತ್ತದೆ. ಲ್ಯಾಪ್‌ಟಾಪ್ ಯಾಕೆ ಸುಮ್ನೆ?

ಭದ್ರಾವತಿ_ಹುಡುಗಿ

ಫೋನಿನಲ್ಲಿ ಆಗುತ್ತದೆ, ಒಪ್ಪಿದೆ. ಆದರೆ ಪಹಣಿಯ ಅಷ್ಟು ಕಾಲಂಗಳನ್ನು ಫೋನಿನಲ್ಲಿ ಓದಿ ನೋಡಿ ಅಣ್ಣ. ಎಳೆದೂ ಎಳೆದೂ ಯಾವ ಸಾಲಿನಲ್ಲಿದ್ದೇವೆ ಎಂಬುದೇ ಮರೆತು ಹೋಗುತ್ತದೆ. ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್ ಒತ್ತಿ ಹಿಡಿದು ಪ್ಲಸ್ ಒತ್ತಿದರೆ ಪುಟವೇ ದೊಡ್ಡದಾಗುತ್ತದೆ. ಮೈನಸ್ ಒತ್ತಿದರೆ ಚಿಕ್ಕದು, ಸೊನ್ನೆ ಒತ್ತಿದರೆ ಮೊದಲಿನ ಹಾಗೆ. ನನ್ನ ಅಜ್ಜಿಗೆ ನಾನು ಮೊದಲು ಕಲಿಸಿದ್ದೇ ಇದು. ಅಕ್ಷರ ಕಂಡರೆ ಅರ್ಧ ಭಯ ಹೋಗುತ್ತದೆ.

ರಾಶಿ_ಬೆಟ್ಟೆ · ತೀರ್ಥಹಳ್ಳಿ

ಅಕ್ಕ, ಮೊದಲು ಒಂದು ಮೌಸ್ ತನ್ನಿ. ಇದನ್ನು ಯಾರೂ ಹೇಳುವುದಿಲ್ಲ ನೋಡಿ. ಈಗ ಸುಲಿತದ ಸಮಯ. ಅಡಿಕೆ ಚೊಗರು ಹತ್ತಿ ಬೆರಳು ಕಪ್ಪಾಗಿ ಒಣಗಿ ಸೀಳಿರುತ್ತದೆ ಅಲ್ವಾ? ಆ ಬೆರಳಿಗೆ ಲ್ಯಾಪ್‌ಟಾಪಿನ ಆ ಚಪ್ಪಟೆ ಜಾಗ ಸರಿಯಾಗಿ ಓಗೊಡುವುದಿಲ್ಲ. ಒಮ್ಮೆ ಬಾಣ ಅಲ್ಲಾಡುವುದೇ ಇಲ್ಲ, ಇನ್ನೊಮ್ಮೆ ಎಲ್ಲಿಗೋ ಹಾರುತ್ತದೆ. ನನಗೆ ಎರಡು ತಿಂಗಳು ಹೀಗೇ ಆಯಿತು. ನನಗೆ ಬರುವುದಿಲ್ಲ ಅಂತ ಬಿಟ್ಟೇ ಬಿಟ್ಟಿದ್ದೆ. ತಮ್ಮ ಬಂದು ಒಂದು ಮೌಸ್ ಚುಚ್ಚಿಕೊಟ್ಟ, ಅವತ್ತಿನಿಂದ ಸರಿಹೋಯಿತು.

ಮೌಸ್ ಬಂದ ಮೇಲೆ ಬೇರೆ ಏನೂ ಮಾಡಬೇಡಿ. ಯಾವುದಾದರೂ ಸುದ್ದಿಯ ಪುಟ ತೆರೆದು ಬಾಣವನ್ನು ಸುಮ್ನೆ ಓಡಾಡಿಸಿ. ಕೆಲವು ಕಡೆ ಬಾಣ ಹೋಗಿ ಬೆರಳು ತೋರಿಸುವ ಕೈ ಆಗುತ್ತದೆ. ಕೈ ಆಯಿತು ಅಂದರೆ ಅಲ್ಲಿ ಒತ್ತಿದರೆ ಇನ್ನೆಲ್ಲಿಗೋ ಹೋಗುತ್ತೇವೆ ಅಂತ ಅರ್ಥ. ಬಾಣವೇ ಇದ್ದರೆ ಒತ್ತಿದರೂ ಸಾಧಾರಣವಾಗಿ ಏನೂ ಆಗುವುದಿಲ್ಲ. ನಿಮ್ಮ ಪುಟ ಮಾಯ ಆಗುವುದು ಇದರಿಂದಲೇ ಇರಬಹುದು, ಗೊತ್ತಿಲ್ಲದೆ ಕೈ ಇದ್ದಲ್ಲಿ ಒತ್ತಿರುತ್ತೀರಿ.

ಮಲ್ಲಿಗೆಬಳ್ಳಿ · ಹೊಸನಗರ

ಅಯ್ಯೋ, ಬೆರಳಿನ ವಿಷಯ ಖಂಡಿತ ಹೌದು ಮಾರಾಯ್ರೆ! ಮಗಳ ಬೆರಳಿಗೆ ಸರಿಯಾಗಿ ಓಡುತ್ತಿತ್ತು, ನನಗೆ ಓಡುತ್ತಿರಲಿಲ್ಲ. ನಾಳೆ ಪೇಟೆಗೆ ಹೋಗುವವರ ಹತ್ತಿರ ತರಿಸುತ್ತೇನೆ.

ತುಂಗಾತೀರ · ಶಿವಮೊಗ್ಗ

ಅಕ್ಕ, ನಾನು ಶಿವಮೊಗ್ಗದಲ್ಲಿ ಹದಿನಾರು ವರ್ಷದಿಂದ ಕಂಪ್ಯೂಟರ್ ಹೇಳಿಕೊಡುತ್ತಿದ್ದೇನೆ. ನೀವು ಕೇಳಿದ ಎರಡು ಪೆಟ್ಟಿಗೆಯ ಪ್ರಶ್ನೆ ನನ್ನ ಹತ್ತಿರ ಬರುವ ಹತ್ತರಲ್ಲಿ ಎಂಟು ಜನ ಕೇಳುತ್ತಾರೆ. ಅದನ್ನು ಬಿಡಿಸಿ ಹೇಳುತ್ತೇನೆ.

ಬ್ರೌಸರ್ ಬೇರೆ, ಗೂಗಲ್ ಬೇರೆ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಇವು ಬ್ರೌಸರ್‌ಗಳು. ಅಂದರೆ ಪುಟಗಳನ್ನು ತಂದು ತೋರಿಸುವ ಸಾಧನ. ಗೂಗಲ್ ಅನ್ನುವುದು ಆ ಬ್ರೌಸರಿನ ಒಳಗೆ ತೆರೆದುಕೊಳ್ಳುವ ಒಂದು ಪುಟ. ಹುಡುಕಿಕೊಡುವುದು ಅದರ ಕೆಲಸ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ವಿಚಾರಣೆ ಕೌಂಟರ್ ಇದೆಯಲ್ಲ, ಹಾಗೆ. ಸಾಗರದ ಬಸ್ಸು ಎಲ್ಲಿ ನಿಲ್ಲುತ್ತದೆ ಅಂತ ಅಲ್ಲಿ ಕೇಳಬಹುದು. ಆದರೆ ಗೊತ್ತಿದ್ದವರು ಕೇಳದೆ ನೇರ ಹೋಗಿ ಹತ್ತುತ್ತಾರೆ.

ಮೇಲಿನ ಉದ್ದ ಪೆಟ್ಟಿಗೆ ವಿಳಾಸದ ಪಟ್ಟಿ. ಅಲ್ಲಿ ಪೂರ್ತಿ ವಿಳಾಸ ಬರೆದು ಎಂಟರ್ ಒತ್ತಿದರೆ ನೇರ ಅಲ್ಲಿಗೇ ಹೋಗುತ್ತೀರಿ. ವಿಳಾಸ ಬಿಟ್ಟು ಬೇರೆ ಪದ ಬರೆದರೆ ಅದು ಹುಡುಕಾಟಕ್ಕೆ ಹೋಗುತ್ತದೆ. ನಡುವಿನ ಪೆಟ್ಟಿಗೆಯಲ್ಲಿ ಏನು ಬರೆದರೂ ಸಾಧಾರಣವಾಗಿ ಹುಡುಕಾಟವೇ. ಹಾಗಾಗಿ ಇವತ್ತಿನಿಂದ ನಡುವಿನ ಪೆಟ್ಟಿಗೆ ಮರೆತುಬಿಡಿ. ಮೇಲಿನದೊಂದೇ ಸಾಕು.

ಮೂಲೆಯಲ್ಲಿ ಏಳುವ ಚೌಕ ವೈರಸ್ ಅಲ್ಲ. ಯಾವುದೋ ತಾಣ 'ಸೂಚನೆ ಕಳಿಸಲೇ' ಅಂತ ಕೇಳಿದಾಗ ನೀವು ಅಲೋ ಒತ್ತಿರುತ್ತೀರಿ. ಕ್ರೋಮ್ ಆದರೆ ಬಲಗಡೆ ಮೇಲಿನ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್ ಒಳಗೆ ಪ್ರೈವಸಿ ಅಂಡ್ ಸೆಕ್ಯೂರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಅಲ್ಲಿ ಅನುಮತಿ ಪಡೆದ ತಾಣಗಳ ಪಟ್ಟಿ ಇರುತ್ತದೆ. ಗುರುತಿಲ್ಲದ್ದನ್ನೆಲ್ಲ ತೆಗೆದುಹಾಕಿ. ಆ ಚೌಕದಲ್ಲಿ ಬರುವ ಯಾವುದನ್ನೂ ಒತ್ತಬೇಡಿ, ಅದರಲ್ಲಿರುವ ನಂಬರಿಗೆ ಫೋನ್ ಅಂತೂ ಮಾಡಲೇಬೇಡಿ.

ಕಾಫಿಗಿಡ · ಕೊಪ್ಪ

ಆ ನೀಲಿ ಬಣ್ಣದ 'ಇ' ಇತ್ತಲ್ಲ, ಅದೇ ಸುಲಭ ಇತ್ತು ನನಗೆ. ಈಗಲೂ ಅದನ್ನೇ ಬಳಸಬಹುದಾ?

ಭದ್ರಾವತಿ_ಹುಡುಗಿ

ಇಲ್ಲ ಅಣ್ಣ. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ಕ್ಕೆ ಮುಗಿಯಿತು. ಮೈಕ್ರೋಸಾಫ್ಟ್‌ನವರೇ ನಿಲ್ಲಿಸಿದರು. ಈಗ ವಿಂಡೋಸ್ ಜೊತೆ ಬರುವುದು ಎಡ್ಜ್. ಕ್ರೋಮ್‌ಗೂ ಅದಕ್ಕೂ ಒಳಗಿನ ಯಂತ್ರ ಒಂದೇ. ಒಂದು ಕಲಿತರೆ ಇನ್ನೊಂದು ತಾನಾಗಿ ಬರುತ್ತದೆ.

ನಿವೃತ್ತ_ಮೇಷ್ಟ್ರು · ಸಾಗರ

ತುಂಗಾತೀರ ಅವರು ಚೆನ್ನಾಗಿ ಹೇಳಿದ್ದಾರೆ. ಆದರೆ ಕ್ರಮ ನನಗೆ ಒಪ್ಪಿಗೆಯಿಲ್ಲ. ಈ ತಾಯಿಗೆ 350 ರೂಪಾಯಿ ಹೋದದ್ದು ಎಲ್ಲಿ ಬರೆಯಬೇಕು ಅಂತ ಗೊತ್ತಿಲ್ಲದೆ ಅಲ್ಲ. ತಾನು ಎಲ್ಲಿ ನಿಂತಿದ್ದೇನೆ ಎಂದು ಓದಲು ಬಾರದೆ. ಮೊದಲ ಪಾಠವೇ ವಿಳಾಸ ಓದುವುದಾಗಬೇಕು. ಬರೆಯುವುದು ಆಮೇಲೆ. ಮಕ್ಕಳಿಗೂ ನಾವು ಓದಲು ಕಲಿಸಿಯೇ ಬರೆಯಲು ಕಲಿಸಿದವರು.

ತಾಯಿ, ನೀವು ಕಾಗದದ ಮೇಲೆ ವಿಳಾಸ ಬರೆಯುತ್ತೀರಲ್ಲ, ಮನೆ, ಊರು, ತಾಲ್ಲೂಕು, ಜಿಲ್ಲೆ ಅಂತ? ಚಿಕ್ಕದರಿಂದ ದೊಡ್ಡದಕ್ಕೆ. ಬ್ರೌಸರಿನ ವಿಳಾಸವೂ ಹಾಗೇ. ಪಹಣಿಯ ಸರ್ಕಾರಿ ತಾಣ ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್. ಇಲ್ಲಿ ಲ್ಯಾಂಡ್‌ರೆಕಾರ್ಡ್ಸ್ ಮನೆ, ಕರ್ನಾಟಕ ಊರು, ಜಿಒವಿ ತಾಲ್ಲೂಕು, ಇನ್ ಜಿಲ್ಲೆ ಅಂದುಕೊಳ್ಳಿ. ಮೋಸ ಮಾಡುವವರು ಮನೆಯ ಹೆಸರು ಏನು ಬೇಕಾದರೂ ಇಟ್ಟುಕೊಳ್ಳಬಹುದು. ನಾನೂ ನನ್ನ ಮನೆಗೆ ಅರಮನೆ ಅಂತ ಬೋರ್ಡು ಹಾಕಬಹುದು. ಆದರೆ ಜಿಒವಿ ಡಾಟ್ ಇನ್ ಅನ್ನುವ ಕೊನೆಯ ಭಾಗ ಸರ್ಕಾರಿ ಕಚೇರಿ, ಸಂಸ್ಥೆಗಳಿಗೆ ಮಾತ್ರ ಕೊಡುತ್ತಾರೆ. ಆದ್ದರಿಂದ ವಿಳಾಸವನ್ನು ಬಲದಿಂದ ಎಡಕ್ಕೆ ಓದಿ. ಕೊನೆ ಮೊದಲು.

ಕೀಲಿಮಣೆ · ಶಿಕಾರಿಪುರ

ಮೇಷ್ಟ್ರೇ, ಒಂದು ತಿದ್ದುಪಡಿ. ಬಲತುದಿಯಿಂದ ಅಂದರೆ ಗೊಂದಲ ಆಗುತ್ತದೆ. ವಿಳಾಸದಲ್ಲಿ ಓರೆಗೆರೆ ಬರುತ್ತದೆ, ಅದರ ಆಚೆಗೆ ಉದ್ದಕ್ಕೆ ಏನೇನೋ ಇರುತ್ತದೆ. ಓರೆಗೆರೆಯ ಆಚೆ ಇರುವುದು ಮನೆಯೊಳಗಿನ ಕೋಣೆಗಳು. ಅಲ್ಲಿ ಕಳ್ಳನೂ ಜಿಒವಿ ಅಂತ ಬರೆದುಕೊಳ್ಳಬಹುದು. ಮುಂದೆ ಎಚ್‌ಟಿಟಿಪಿಎಸ್ ಇದ್ದರೆ ಅದರ ಜೊತೆಗಿನ ಎರಡು ಓರೆಗೆರೆ ಬಿಡಿ. ಆಮೇಲೆ ಸಿಗುವ ಮೊದಲ ಓರೆಗೆರೆಯ ತನಕ ಬಂದು, ಅಲ್ಲಿಂದ ಹಿಂದಕ್ಕೆ ಓದಬೇಕು.

ಇನ್ನೊಂದು ವಿಷಯ. ಅಡ್ಡಗೆರೆ ಬೇರೆ, ಚುಕ್ಕಿ ಬೇರೆ. ಕರ್ನಾಟಕ ಅಡ್ಡಗೆರೆ ಜಿಒವಿ ಡಾಟ್ ಕಾಮ್ ಅಂತ ಯಾರಾದರೂ ಇಟ್ಟುಕೊಂಡರೆ ಅದು ಸರ್ಕಾರದ್ದಲ್ಲ. ಅದರ ಕೊನೆ ಡಾಟ್ ಕಾಮ್.

ನಿವೃತ್ತ_ಮೇಷ್ಟ್ರು · ಸಾಗರ

ಸರಿಯಾಗಿ ಹೇಳಿದಿರಿ. ಓರೆಗೆರೆಯ ಮಾತು ನನ್ನಿಂದ ಬಿಟ್ಟುಹೋಗಿತ್ತು.

ಶರಾವತಿ_ಹಿನ್ನೀರು

ಇಷ್ಟೆಲ್ಲ ಯಾಕೆ? ಬೀಗದ ಗುರುತು ಇದೆಯಾ ನೋಡಿದರೆ ಸಾಕಲ್ವಾ?

ತುಂಗಾತೀರ · ಶಿವಮೊಗ್ಗ

ಸಾಕಾಗುವುದಿಲ್ಲ. ಈ ತಪ್ಪು ತಿಳಿವಳಿಕೆಯಿಂದ ಬಹಳ ಜನ ದುಡ್ಡು ಕಳೆದುಕೊಂಡಿದ್ದಾರೆ. ಬೀಗ ಅಂದರೆ ನಿಮ್ಮ ಕಂಪ್ಯೂಟರಿಗೂ ಆ ತಾಣಕ್ಕೂ ನಡುವೆ ಹೋಗುವ ಮಾತನ್ನು ದಾರಿಯಲ್ಲಿ ಬೇರೆಯವರು ಓದಲಾರರು ಅಂತ ಮಾತ್ರ. ಆ ಕಡೆ ಕೂತವನು ಒಳ್ಳೆಯವನೋ ಕಳ್ಳನೋ ಅದು ಹೇಳುವುದಿಲ್ಲ. ಕಳ್ಳನ ತಾಣಕ್ಕೂ ಬೀಗ ಇರುತ್ತದೆ. ಇದೇ ಕಾರಣಕ್ಕೆ ಕ್ರೋಮ್‌ನವರು 2023ರಲ್ಲಿ ಆ ಬೀಗದ ಚಿತ್ರವನ್ನೇ ತೆಗೆದು ಬೇರೆ ಗುರುತು ಹಾಕಿದರು.

ಮಳೆಹುಳ · ಆಗುಂಬೆ

350 ರೂಪಾಯಿ ವಿಷಯ ಯಾರೂ ಮಾತಾಡಲಿಲ್ಲ. ಅಕ್ಕ, 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಗೆ ಅಂತಲೇ ಇರುವ ಸಹಾಯವಾಣಿ. ದುಡ್ಡು ಕಳಿಸಿದ ಸಂದೇಶ ಕೈಯಲ್ಲಿ ಇಟ್ಟುಕೊಂಡು ಮಾಡಿ. ತಡ ಆದಷ್ಟೂ ದುಡ್ಡು ಸಿಗುವುದು ಕಷ್ಟ, ಆದರೂ ದೂರು ಇರಲಿ.

ಕಾಫಿಗಿಡ · ಕೊಪ್ಪ

350ಕ್ಕೆಲ್ಲ ಪೊಲೀಸ್ ದೂರಾ? ಅಂಥ ತಾಣಗಳಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ 'ನಾವು ಖಾಸಗಿ ಸಲಹೆಗಾರರು' ಅಂತ ಬರೆದಿರುತ್ತಾರೆ. ಕಾನೂನಿನ ಪ್ರಕಾರ ಮೋಸ ಅಂತ ಹೇಳುವುದು ಕಷ್ಟ.

ಮಳೆಹುಳ · ಆಗುಂಬೆ

ಸಣ್ಣ ಅಕ್ಷರದಲ್ಲಿ ಬರೆದ ಮಾತ್ರಕ್ಕೆ ಗಂಡಭೇರುಂಡ ಹಾಕಿಕೊಂಡು ದುಡ್ಡು ಕೀಳುವುದು ಸರಿಯಾಗುತ್ತದಾ? ಅಕ್ಕನಿಗೆ ಪಹಣಿಯೂ ಬಂದಿಲ್ಲ. ಮೋಸವೋ ಅಲ್ಲವೋ ಅವರು ತೀರ್ಮಾನ ಮಾಡಲಿ, ಹೇಳುವುದು ನಮ್ಮ ಕೆಲಸ. 350 ಅಂತ ಒಬ್ಬೊಬ್ಬರೂ ಸುಮ್ಮನಾದರೆ ಅವನಿಗೆ ದಿನಕ್ಕೆ ನೂರು ಜನ ಸಿಗುತ್ತಾರೆ.

ಮತ್ತೆ ಅಕ್ಕ, ಮಗಳಿಗೆ ಹೇಳಿ. ನನ್ನ ಅಪ್ಪಯ್ಯ ಹೀಗೇ ಮುಚ್ಚಿಟ್ಟಿದ್ದರು. ಎರಡನೇ ಸಲ ಇನ್ನೂ ದೊಡ್ಡ ಮೊತ್ತ ಹೋಯಿತು. ಮೊದಲೇ ಹೇಳಿದ್ದರೆ ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಆ ಬೇಜಾರು ನನಗೆ ಈಗಲೂ ಇದೆ.

ಮಲ್ಲಿಗೆಬಳ್ಳಿ · ಹೊಸನಗರ

ನಿಮ್ಮ ಮಾತು ಓದಿ ತುಂಬಾ ಹೊತ್ತು ಸುಮ್ಮನೆ ಕೂತೆ. ರಾತ್ರಿ ಮಗಳಿಗೆ ಫೋನ್ ಮಾಡಿ ಹೇಳಿದೆ. ಅವಳು ಬೈಯಲಿಲ್ಲ. 'ಅಮ್ಮಾ, ನನ್ನ ಆಫೀಸಿನವರಿಗೂ ಹೀಗೆ ಆಗಿದೆ' ಅಂದಳು. 1930ಕ್ಕೆ ಇವತ್ತು ಬೆಳಿಗ್ಗೆ ಮಾಡಿದೆ. ವಿವರ ಎಲ್ಲ ಬರೆದುಕೊಂಡರು.

ಮೌಸ್ ಬಂತು! ಕೈ ಆಗುವುದು ನೋಡಿದೆ. ಒಂದು ಗಂಟೆ ಬರೀ ಅದನ್ನೇ ಮಾಡಿದೆ. ಒಂದು ಅನುಮಾನ. ಹುಡುಕಿದಾಗ ಸರ್ಕಾರದ ತಾಣ ಮೊದಲು ಯಾಕೆ ಬರುವುದಿಲ್ಲ?

ಭದ್ರಾವತಿ_ಹುಡುಗಿ

ಆಂಟಿ, ಮೇಲೆ ಬರುವ ಕೆಲವು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಅವುಗಳ ತಲೆಯ ಮೇಲೆ ಸಣ್ಣದಾಗಿ 'ಸ್ಪಾನ್ಸರ್ಡ್' ಅಥವಾ 'ಪ್ರಾಯೋಜಿತ' ಅಂತ ಇರುತ್ತದೆ. ಅದು ಕಂಡರೆ ಕೆಳಗೆ ಇಳಿಯಿರಿ. ಒತ್ತುವ ಮುಂಚೆ ಬಾಣವನ್ನು ಆ ಹೆಸರಿನ ಮೇಲೆ ಸುಮ್ನೆ ಇಟ್ಟರೆ ಪರದೆಯ ಎಡಗಡೆ ಕೆಳಮೂಲೆಯಲ್ಲಿ ಎಲ್ಲಿಗೆ ಹೋಗುತ್ತದೆ ಎಂಬ ವಿಳಾಸ ಕಾಣುತ್ತದೆ. ಮೇಷ್ಟ್ರು ಹೇಳಿದ ಹಾಗೆ ಅಲ್ಲಿ ಓದಿ. ಫೋನಿನಲ್ಲಿ ಇದು ಇಷ್ಟು ಸುಲಭ ಇಲ್ಲ, ಅದಕ್ಕೇ ನಾನು ಲ್ಯಾಪ್‌ಟಾಪ್ ಪರ.

ನಿವೃತ್ತ_ಮೇಷ್ಟ್ರು · ಸಾಗರ

ಹುಡುಕುವುದೇ ಬೇಡ. ಸರಿಯಾದ ವಿಳಾಸ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಪ್ರತಿ ಸಲ ಕೈಯಾರೆ ಟೈಪ್ ಮಾಡಿ. ಹತ್ತು ಸಲ ಮಾಡಿದರೆ ಬಾಯಿಪಾಠ ಆಗುತ್ತದೆ.

ತುಂಗಾತೀರ · ಶಿವಮೊಗ್ಗ

ಮೇಷ್ಟ್ರೇ, ಇದು ನನಗೆ ಒಪ್ಪಿಗೆಯಿಲ್ಲ. ಒಂದು ಅಕ್ಷರ ತಪ್ಪಿದರೆ ಬೇರೆ ಕಡೆ ಹೋಗುತ್ತಾರೆ. ಅಂಥ ತಪ್ಪು ಕಾಗುಣಿತದ ವಿಳಾಸಗಳನ್ನೇ ಕಾದು ಕೊಂಡಿಟ್ಟುಕೊಳ್ಳುವವರು ಇದ್ದಾರೆ. ಒಂದು ಸಲ ಸರಿಯಾಗಿ ಟೈಪ್ ಮಾಡಿ, ವಿಳಾಸ ಓದಿ ಖಚಿತ ಮಾಡಿಕೊಂಡು, ಕಂಟ್ರೋಲ್ ಜೊತೆ ಡಿ ಒತ್ತಿ ಬುಕ್‌ಮಾರ್ಕ್, ಅಂದರೆ ಆ ಪುಟಕ್ಕೆ ಗುರುತು, ಇಡಲಿ. ಕಂಟ್ರೋಲ್, ಶಿಫ್ಟ್, ಬಿ ಮೂರೂ ಒತ್ತಿದರೆ ಇಟ್ಟ ಹೆಸರುಗಳೆಲ್ಲ ವಿಳಾಸದ ಪಟ್ಟಿಯ ಕೆಳಗೆ ಸಾಲಾಗಿ ನಿಲ್ಲುತ್ತವೆ. ಹೆಸರನ್ನು ಕನ್ನಡದಲ್ಲೇ ಬದಲಾಯಿಸಿಕೊಳ್ಳಬಹುದು. ಪಹಣಿ, ಧಾರಣೆ, ಕರೆಂಟ್. ಮೂರು ಬಟನ್, ಮುಗಿಯಿತು.

ನಿವೃತ್ತ_ಮೇಷ್ಟ್ರು · ಸಾಗರ

ಬಟನ್ ಒತ್ತುವುದು ಕಲಿತರೆ ಬಟನ್ ಒತ್ತುವುದಷ್ಟೇ ಬರುತ್ತದೆ. ಬೇರೆ ಕಂಪ್ಯೂಟರಿನ ಮುಂದೆ ಕೂರಿಸಿದರೆ ಕೈ ಖಾಲಿ. ಬುಕ್‌ಮಾರ್ಕ್ ಇಡಲಿ, ಬೇಡ ಅನ್ನುವುದಿಲ್ಲ. ಆದರೆ ನೋಟ್‌ಬುಕ್ಕಿನಲ್ಲೂ ಇರಲಿ.

ರಾಶಿ_ಬೆಟ್ಟೆ · ತೀರ್ಥಹಳ್ಳಿ

ಧಾರಣೆಗೆ ಕೃಷಿ ಮಾರಾಟ ವಾಹಿನಿ ಅನ್ನುವ ತಾಣ ಇದೆ ಅಕ್ಕ, ಅದೂ ಸರ್ಕಾರದ್ದೇ. ಶಿವಮೊಗ್ಗ ಮಾರುಕಟ್ಟೆಯ ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಅಡಿಕೆಯ ಎಲ್ಲ ಬಗೆಯದ್ದೂ ಬೇರೆ ಬೇರೆ ಬರುತ್ತದೆ. ಆದರೆ ಗರಿಷ್ಠ ನೋಡಿ ಖುಷಿ ಪಡಬೇಡಿ. ಅದು ಒಂದೋ ಎರಡೋ ಒಳ್ಳೆಯ ಲಾಟಿಗೆ ಸಿಕ್ಕ ರೇಟು. ಪಕ್ಕದಲ್ಲಿ ಮಾದರಿ ಅಂತ ಇರುತ್ತದೆ. ಹೆಚ್ಚು ಮಾಲು ಯಾವ ರೇಟಿಗೆ ಹೋಯಿತು ಅಂತ ಅದರಿಂದ ಗೊತ್ತಾಗುತ್ತದೆ. ನಾನು ವ್ಯಾಪಾರಿಯ ಹತ್ತಿರ ಮಾತಾಡುವಾಗ ಅದನ್ನೇ ಹಿಡಿಯುತ್ತೇನೆ.

ಶರಾವತಿ_ಹಿನ್ನೀರು

ಈ ಸಲ ನಿಮ್ಮ ಕಡೆ ಅಡಿಕೆಗೆ ಕೊಳೆ ರೋಗ ಹೇಗಿತ್ತು? ನಮ್ಮಲ್ಲಿ ಮೂರು ಸಲ ಬೋರ್ಡೋ ದ್ರಾವಣ ಹೊಡೆದರೂ ನಿಲ್ಲಲಿಲ್ಲ.

ರಾಶಿ_ಬೆಟ್ಟೆ · ತೀರ್ಥಹಳ್ಳಿ

ನಮ್ಮಲ್ಲೂ ಅದೇ ಕಥೆ. ಮಳೆ ಬಿಡುವು ಕೊಟ್ಟರೆ ತಾನೆ ಹೊಡೆಯುವುದು. ಅದಕ್ಕೆ ಬೇರೆ ಚರ್ಚೆ ತೆಗೆಯಿರಿ, ಬರುತ್ತೇನೆ.

ಕೀಲಿಮಣೆ · ಶಿಕಾರಿಪುರ

ಕನ್ನಡದಲ್ಲಿ ಬರೆಯುವ ವಿಷಯ ಯಾರೂ ಎತ್ತಲಿಲ್ಲವಲ್ಲ. ನಾನು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಟೈಪ್ ಮಾಡಿದವನು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಬ್ರೌಸರ್ ತೆರೆದು, ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಮಾಡಿದ ಹಳೆಯ ಕಡತದಿಂದ ಎರಡು ಸಾಲು ತೆಗೆದು ಹುಡುಕಾಟಕ್ಕೆ ಹಾಕಿದೆ. ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗಜಿಬಿಜಿ ಬಂತು. ಅಷ್ಟು ವರ್ಷದ ಕೆಲಸ ಹಾಳಾಯಿತಾ ಅಂತ ಎದೆ ಧಸಕ್ ಅಂತು.

ಆಮೇಲೆ ಗೊತ್ತಾಯಿತು. ಆ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಿದ್ದರು. ನೋಡಲು ಕನ್ನಡ, ಒಳಗೆ ಬೇರೆ. ಯುನಿಕೋಡ್‌ನಲ್ಲಿ ಹಾಗಲ್ಲ, ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. ಬ್ರೌಸರಿಗೆ ಅರ್ಥವಾಗುವುದು ಅದು. ಹಳೆಯ ಕಡತಗಳನ್ನು ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಕೊಂಡೆ. ಒಂದೂ ಹಾಳಾಗಿರಲಿಲ್ಲ.

ಟೈಪ್ ಮಾಡಲು ಕೆ.ಪಿ. ರಾವ್ ಕೀಬೋರ್ಡ್ ವಿನ್ಯಾಸವೇ ಕಲಿಯಿರಿ ಅಂತ ನನ್ನ ಸಲಹೆ. ಒತ್ತಕ್ಷರಕ್ಕೆ ಎಫ್ ಕೀಲಿ. ಕೈ ಕೂತರೆ ಅದರಷ್ಟು ವೇಗ ಬೇರೆ ಇಲ್ಲ.

ಭದ್ರಾವತಿ_ಹುಡುಗಿ

ಸರ್, ಆಂಟಿ ಕಚೇರಿ ಕೆಲಸಕ್ಕೆ ಹೊರಟಿಲ್ಲ, ಹುಡುಕಲು ನಾಲ್ಕು ಪದ ಬೇಕು. ಅದಕ್ಕೆ ಒಂದು ವಿನ್ಯಾಸವನ್ನೇ ಕಲಿಯಬೇಕಾ? ವಿಂಡೋಸ್ 10ರಲ್ಲಿ 2019ರಿಂದ ಕನ್ನಡ ಫೋನೆಟಿಕ್ ಕೀಬೋರ್ಡ್ ಒಳಗೇ ಇದೆ. ಭಾಷೆಯ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿದರೆ ಸಿಗುತ್ತದೆ. ಇಂಗ್ಲಿಷಿನಲ್ಲಿ ಉಚ್ಚಾರದಂತೆ ಹೊಡೆದರೆ ಕನ್ನಡ ಬರುತ್ತದೆ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷು, ಇನ್ನೊಮ್ಮೆ ಒತ್ತಿದರೆ ಕನ್ನಡ.

ಕೀಲಿಮಣೆ · ಶಿಕಾರಿಪುರ

ಕನ್ನಡ ಬರೆಯಲು ಇಂಗ್ಲಿಷ್ ಕಾಗುಣಿತ ಯೋಚನೆ ಮಾಡಬೇಕು ಅನ್ನುವುದೇ ನನಗೆ ಸರಿ ಕಾಣುವುದಿಲ್ಲ ಮಗಳೇ. ಆ ತಾಯಿ ನೋಟ್‌ಬುಕ್ಕಿನಲ್ಲಿ ಕನ್ನಡ ಬರೆಯುವವರು. ಕ ಅಂದರೆ ಕ ಒತ್ತಬೇಕು. ಆದರೆ ಶುರುವಿಗೆ ಸುಲಭ ಅಂದರೆ ಆಗಲಿ, ಬಳಸಲಿ.

ಮಳೆಹುಳ · ಆಗುಂಬೆ

ಮಲೆನಾಡಿನವರಿಗೆ ಮುಖ್ಯವಾದದ್ದು ಇನ್ನೊಂದು ಇದೆ. ಕರೆಂಟು, ನೆಟ್‌ವರ್ಕು. ಮಳೆಗಾಲದಲ್ಲಿ ಒಂದು ಗಾಳಿ ಬಂದರೆ ಲೈನಿನ ಮೇಲೆ ಮರ. ಪುಟ ಅರ್ಧ ಬಂದು ನಿಲ್ಲುತ್ತದೆ. ಕ್ರೋಮ್‌ನಲ್ಲಿ ಸಣ್ಣ ಡೈನೋಸಾರ್ ಚಿತ್ರ ಬಂತು ಅಂದರೆ ತಪ್ಪು ನಿಮ್ಮದಲ್ಲ, ನೆಟ್ ಹೋಗಿದೆ. ಏನೇನೋ ಒತ್ತಿ ಗಾಬರಿ ಆಗಬೇಡಿ. ನೆಟ್ ಬಂದ ಮೇಲೆ ಎಫ್5 ಒತ್ತಿದರೆ ಪುಟ ಮತ್ತೆ ಬರುತ್ತದೆ. ದುಡ್ಡು ಕಟ್ಟುವ ಪುಟದಲ್ಲಿ ಮಾತ್ರ ಎಫ್5 ಒತ್ತಬೇಡಿ. ಬ್ಯಾಂಕಿನ ಸಂದೇಶ ಬಂತಾ ನೋಡಿ, ಆಮೇಲೆ ಮುಂದಿನದು.

ಮತ್ತೆ, ಬೇಕಾದ ಪುಟ ಸಿಕ್ಕ ಕೂಡಲೇ ಕಂಟ್ರೋಲ್ ಜೊತೆ ಪಿ ಒತ್ತಿ. ಪ್ರಿಂಟರ್ ಇಲ್ಲದಿದ್ದರೂ ಪರವಾಗಿಲ್ಲ. ಪ್ರಿಂಟರ್ ಹೆಸರಿನ ಜಾಗದಲ್ಲಿ 'ಸೇವ್ ಆ್ಯಸ್ ಪಿಡಿಎಫ್' ಅಂತ ಆರಿಸಿದರೆ ಪುಟ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತದೆ. ಎರಡು ದಿನ ನೆಟ್ ಇಲ್ಲದಿದ್ದರೂ ತೆಗೆದು ಓದಬಹುದು. ನಮ್ಮ ಮನೆಯ ಪಹಣಿ, ಬಿಲ್ಲು ಎಲ್ಲಾ ಹೀಗೇ ಇಟ್ಟಿದ್ದೇನೆ.

ತುಂಗಾತೀರ · ಶಿವಮೊಗ್ಗ

ಅಕ್ಕ, ಮಾಯವಾಗುವ ಪುಟದ ವಿಷಯ ಬಾಕಿ ಉಳಿಯಿತು. ಮೇಲೆ ಸಾಲಾಗಿ ಕಾಣುವ ಚಿಕ್ಕ ಪಟ್ಟಿಗಳು ಟ್ಯಾಬ್. ಒಂದೊಂದರಲ್ಲಿ ಒಂದೊಂದು ಪುಟ. ಕೆಲವನ್ನು ಒತ್ತಿದಾಗ ಹೊಸ ಟ್ಯಾಬ್ ತೆರೆದು ನಿಮ್ಮ ಹಳೆಯ ಪುಟ ಅದರ ಹಿಂದೆ ಉಳಿದಿರುತ್ತದೆ. ಎಲ್ಲೂ ಹೋಗಿರುವುದಿಲ್ಲ. ಪಕ್ಕದ ಟ್ಯಾಬ್ ಒತ್ತಿ ನೋಡಿ. ಅದೇ ಟ್ಯಾಬಿನಲ್ಲಿ ಮುಂದೆ ಹೋಗಿದ್ದರೆ ಎಡಗಡೆಯ ಹಿಂಬಾಣ. ಟ್ಯಾಬನ್ನೇ ಮುಚ್ಚಿಬಿಟ್ಟಿದ್ದರೆ ಕಂಟ್ರೋಲ್, ಶಿಫ್ಟ್, ಟಿ ಮೂರೂ ಒತ್ತಿ, ಮುಚ್ಚಿದ್ದು ವಾಪಸ್ ಬರುತ್ತದೆ. ನನ್ನ ತರಗತಿಯಲ್ಲಿ ನಾನು ಬೇಕಂತಲೇ ಟ್ಯಾಬ್ ಮುಚ್ಚಿ, ನೀವು ವಾಪಸ್ ತನ್ನಿ ಅಂತ ಹೇಳುತ್ತೇನೆ. ನಾಲ್ಕು ಸಲ ತಂದವರು ಆಮೇಲೆ ಕಂಪ್ಯೂಟರಿಗೆ ಹೆದರುವುದಿಲ್ಲ.

ಶರಾವತಿ_ಹಿನ್ನೀರು

ಅಂಗಡಿಯ ಕಂಪ್ಯೂಟರಿನಲ್ಲಿ ಇನ್‌ಕಾಗ್ನಿಟೊ ಹಾಕಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ ಅಂತಾರೆ, ಹೌದಾ?

ತುಂಗಾತೀರ · ಶಿವಮೊಗ್ಗ

ಅಷ್ಟೆಲ್ಲ ಇಲ್ಲ. ಕಿಟಕಿ ಮುಚ್ಚಿದ ಮೇಲೆ ನೀವು ನೋಡಿದ ಪುಟಗಳ ಇತಿಹಾಸ, ಲಾಗಿನ್ ಆ ಕಂಪ್ಯೂಟರಿನ ಬ್ರೌಸರಿನಲ್ಲಿ ಉಳಿಯುವುದಿಲ್ಲ, ಅಷ್ಟೇ. ನೆಟ್ ಕೊಡುವವರಿಗೆ, ನೀವು ಹೋದ ತಾಣಕ್ಕೆ ಗೊತ್ತಾಗುತ್ತದೆ. ಇಳಿಸಿಕೊಂಡ ಕಡತವೂ ಅಲ್ಲೇ ಉಳಿಯುತ್ತದೆ, ಅಳಿಸಿ ಬರಬೇಕು.

ಮಲ್ಲಿಗೆಬಳ್ಳಿ · ಹೊಸನಗರ

ಎಂಟು ದಿನ ಬರಲಿಲ್ಲ, ಸುಲಿತ ಇತ್ತು. ರಾತ್ರಿ ಕೆಲಸ ಮುಗಿಸಿ ದಿನಕ್ಕೆ ಅರ್ಧ ಗಂಟೆ ಕೂತೆ. ಇವತ್ತು ಸಂಜೆ ಆಯಿತು, ಅದನ್ನು ಹೇಳಲು ಬಂದೆ.

ಮೇಷ್ಟ್ರು ಹೇಳಿದ ಹಾಗೆ ವಿಳಾಸ ನೋಟ್‌ಬುಕ್ಕಿನಿಂದ ನೋಡಿ ಒಂದೊಂದೇ ಅಕ್ಷರ ಹೊಡೆದೆ. ಎಂಟರ್ ಒತ್ತುವ ಮುಂಚೆ ಎರಡು ಸಲ ಓದಿದೆ. ಪುಟ ಬಂದ ಮೇಲೆ ಕೀಲಿಮಣೆ ಅವರು ಹೇಳಿದ ಹಾಗೆ ಓರೆಗೆರೆಯ ತನಕ ಬಂದು ಹಿಂದಕ್ಕೆ ಓದಿದೆ. ಇನ್, ಜಿಒವಿ, ಕರ್ನಾಟಕ. ಸರಿ ಇತ್ತು. ವಿಳಾಸದ ಪಟ್ಟಿಯಲ್ಲಿರುವ ನಕ್ಷತ್ರ ಒತ್ತಿ ಬುಕ್‌ಮಾರ್ಕ್ ಮಾಡಿ ಪಹಣಿ ಅಂತ ಹೆಸರಿಟ್ಟೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಊರು ಆರಿಸಿದೆ, ಸರ್ವೆ ನಂಬರ್ ಹೊಡೆದೆ. ಹಿಸ್ಸಾ, ಅಂದರೆ ಸರ್ವೆ ನಂಬರಿನ ಯಾವ ಭಾಗ ಅಂತ ಕೇಳಿತು, ಆರಿಸಿದೆ. ನೋಡಲು ಒಂದು ಪೈಸೆ ಕೇಳಲಿಲ್ಲ.

ನಮ್ಮ ಪಹಣಿ ಬಂತು. ಕಂಟ್ರೋಲ್ ಪ್ಲಸ್ ಒತ್ತಿ ದೊಡ್ಡದು ಮಾಡಿದೆ. 9ನೇ ಕಾಲಂನಲ್ಲಿ ನನ್ನ ಹೆಸರು. ಇವರು ತೀರಿಕೊಂಡ ಮೇಲೆ ಖಾತೆ ಬದಲಾದದ್ದು ನಾನು ಕಾಗದದಲ್ಲಿ ನೋಡಿದ್ದೆ. ಆದರೆ ಇಷ್ಟು ಹತ್ತಿರ, ನಾನೇ ತೆಗೆದು, ನನ್ನ ಮನೆಯ ಜಗಲಿಯಲ್ಲಿ ಕೂತು ನೋಡಿದ್ದು ಇದೇ ಮೊದಲು.

ಇನ್ನೊಂದು ಕಂಡಿತು. 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲ ಇನ್ನೂ ಇದೆ ಅಂತ ತೋರಿಸುತ್ತಿದೆ. ಆ ಸಾಲ ಇವರು ಇದ್ದಾಗಲೇ ತೀರಿಸಿದ್ದು. ರಸೀದಿ ನನ್ನ ಪೆಟ್ಟಿಗೆಯಲ್ಲಿದೆ. ಅಂಗಡಿಯಲ್ಲಿ ಎಷ್ಟು ಸಲ ಪಹಣಿ ತೆಗೆಸಿದ್ದೇನೆ, ಮಡಿಚಿ ಚೀಲಕ್ಕೆ ಹಾಕಿಕೊಂಡು ಬಂದಿದ್ದೇನೆ, ಇದನ್ನು ಓದಿಯೇ ಇರಲಿಲ್ಲ. ಏನು ಮಾಡಬೇಕು?

ರಾಶಿ_ಬೆಟ್ಟೆ · ತೀರ್ಥಹಳ್ಳಿ

ಇದು ನಮಗೂ ಆಗಿತ್ತು ಅಕ್ಕ. ಸಾಲ ತೀರಿದರೂ ಪಹಣಿಯಿಂದ ತೆಗೆಸದೆ ಬಿಟ್ಟಿರುತ್ತಾರೆ. ಮೊದಲು ಬ್ಯಾಂಕಿಗೆ ಹೋಗಿ ಸಾಲ ತೀರಿದ ಪತ್ರ ಕೇಳಿ. ಆ ಪತ್ರ ಹಿಡಿದು ನಾಡಕಚೇರಿಯಲ್ಲಿ ವಿಚಾರಿಸಿ, ಮುಂದೆ ಎಲ್ಲಿ ಕೊಡಬೇಕು ಅಂತ ಹೇಳುತ್ತಾರೆ. ಮುಂದೆ ಯಾವತ್ತಾದರೂ ಬೆಳೆಸಾಲಕ್ಕೆ ಹೋದರೆ ಇದೇ ಅಡ್ಡ ಬರುತ್ತಿತ್ತು. ಈಗಲೇ ಕಂಡದ್ದು ಒಳ್ಳೆಯದಾಯಿತು.

ನಿವೃತ್ತ_ಮೇಷ್ಟ್ರು · ಸಾಗರ

ರಸೀದಿಯ ಜೆರಾಕ್ಸ್ ಎರಡು ಮಾಡಿಸಿಕೊಳ್ಳಿ ತಾಯಿ. ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ.

ಮಲ್ಲಿಗೆಬಳ್ಳಿ · ಹೊಸನಗರ

ಆಗಲಿ. ಪಹಣಿಯನ್ನು ಪಿಡಿಎಫ್ ಮಾಡಿ ಇಟ್ಟಿದ್ದೇನೆ, ಮಗಳಿಗೂ ಕಳಿಸಿದೆ. ಸೋಮವಾರ ಬೆಳಗಿನ ಬಸ್ಸಿಗೆ ಬ್ಯಾಂಕಿಗೆ ಹೋಗುತ್ತೇನೆ. ಬಂದು ಬರೆಯುತ್ತೇನೆ.